ಸ್ಟ್ರಾಟಜಿ ಗೇಮ್‌ಗೆ ಸ್ಟೀಮ್ ಕಡ್ಡಾಯವಾದಾಗ: ಕೊಳ್ಳುವ ಮೊದಲು, ಕೊಂಡ ಮೇಲೆ, ಇಂಟರ್ನೆಟ್ ಹೋದಾಗ

ಸಿವಿಲೈಸೇಷನ್ 5ರ ಡಿವಿಡಿ ಕೈಯಲ್ಲಿದ್ದರೂ ಸ್ಟೀಮ್ ಖಾತೆ ಇಲ್ಲದೆ ಆ ಆಟ ತೆರೆಯುವುದಿಲ್ಲ. 2010ರಲ್ಲಿ ಅದು ಮಾರುಕಟ್ಟೆಗೆ ಬಂದದ್ದೇ ಈ ಷರತ್ತಿನೊಂದಿಗೆ. ಅದಕ್ಕೆ ಒಂದು ವರ್ಷ ಮೊದಲು ಟೋಟಲ್ ವಾರ್ ಸರಣಿಯ ಎಂಪೈರ್ ಕೂಡ ಹೀಗೇ ಬಂದಿತ್ತು. ಸ್ಟೀಮ್ ಎಂದರೆ ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ ಶುರುಮಾಡಿದ ಗೇಮ್ ಅಂಗಡಿ. ಕೊಳ್ಳುವುದು, ಇಳಿಸಿಕೊಳ್ಳುವುದು, ಅಪ್‌ಡೇಟ್ ಆಗುವುದು, ಆಡುತ್ತಿರುವವರು ನಿಜವಾಗಿ ಕೊಂಡವರೇ ಎಂದು ಪರೀಕ್ಷಿಸುವುದು, ಎಲ್ಲವೂ ಆ ಒಂದು ತಂತ್ರಾಂಶದ ಮೂಲಕವೇ ನಡೆಯುತ್ತದೆ.

ಇದರ ಬಿಸಿ ಸ್ಟ್ರಾಟಜಿ ಆಟಗಾರರಿಗೆ ಹೆಚ್ಚು ತಾಗುತ್ತದೆ. ಅವರು ಒಂದೇ ಆಟವನ್ನು ವರ್ಷಗಟ್ಟಲೆ ಆಡುತ್ತಾರೆ, ಬಹುಪಾಲು ಒಬ್ಬರೇ ಕೂತು ಕಂಪ್ಯೂಟರ್ ಎದುರು ಆಡುತ್ತಾರೆ. ಆ ಆಟಕ್ಕೆ ಇಂಟರ್ನೆಟ್ ಬೇಕಿಲ್ಲ, ಬೇಕಾಗಿರುವುದು ಅಂಗಡಿಗೆ. ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕಂಬದ ಮೇಲಿನ ಫೈಬರ್ ತುಂಡಾಗುವುದು, ಕರೆಂಟ್ ಗಂಟೆಗಟ್ಟಲೆ ಹೋಗುವುದು ಹೊಸದಲ್ಲ. ಹೊರಗೆ ಹೋಗಲಾಗದೆ ಆಟಕ್ಕೆ ಪುರುಸೊತ್ತು ಸಿಗುವ ದಿನಗಳೂ ಅವೇ. ಮೊದಲೇ ಸಿದ್ಧತೆ ಮಾಡಿಕೊಂಡರೆ ಆ ದಿನಗಳಲ್ಲಿ ಆಟ ನಿಲ್ಲುವುದಿಲ್ಲ.

ದುಡ್ಡು ಕೊಡುವ ಮೊದಲು: ಬೀಗ ಯಾವ ಬಗೆಯದು?

ಕೊಳ್ಳದವರು ಆಡದಂತೆ ತಡೆಯುವ ವ್ಯವಸ್ಥೆಯೇ ಬೀಗ, ಇಂಗ್ಲಿಷಿನಲ್ಲಿ ಡಿಆರ್‌ಎಂ. ಎಲ್ಲ ಆಟಗಳ ಬೀಗವೂ ಒಂದೇ ತರಹದ್ದಲ್ಲ. ಕೆಲವಕ್ಕೆ ಸ್ಟೀಮ್ ಇಳಿಸಿಕೊಳ್ಳುವಾಗ ಮಾತ್ರ ಬೇಕು, ಆಮೇಲೆ ಆಟದ ಫೈಲ್ ಮೇಲೆ ನೇರವಾಗಿ ಡಬಲ್ ಕ್ಲಿಕ್ ಮಾಡಿದರೂ ಓಡುತ್ತವೆ. ಹೆಚ್ಚಿನವಕ್ಕೆ ಸ್ಟೀಮ್ ಹಿನ್ನೆಲೆಯಲ್ಲಿ ತೆರೆದಿರಬೇಕು, ಆದರೆ ಆಫ್‌ಲೈನ್ ಮೋಡ್ (ಇಂಟರ್ನೆಟ್ ಇಲ್ಲದೆ ಸ್ಟೀಮ್ ನಡೆಸುವ ವಿಧಾನ) ಸಾಕು. ಮೂರನೆಯ ಬಗೆಯವು ಸ್ಟೀಮ್ ಸಾಲದೆಂದು ಇನ್ನೊಂದು ಕಂಪನಿಯ ಲಾಂಚರನ್ನೂ (ಆಟ ತೆರೆಯುವ ತಂತ್ರಾಂಶ) ಖಾತೆಯನ್ನೂ ಕೇಳುತ್ತವೆ. ಅನ್ನೊ 1800 ಸ್ಟೀಮ್‌ನಲ್ಲಿ ಕೊಂಡರೂ ಯುಬಿಸಾಫ್ಟ್ ಕನೆಕ್ಟ್ ಬೇಕೇ ಬೇಕು. ನಾಲ್ಕನೆಯದು ಸದಾ ಆನ್‌ಲೈನ್ ಇರಲೇಬೇಕೆಂಬ ಬೀಗ. 2013ರ ಸಿಮ್‌ಸಿಟಿ ಹಾಗೆ ಬಂದು, ಸರ್ವರ್‌ಗಳು ಭಾರ ತಾಳದೆ, ಕೊಂಡವರು ಒಳಗೇ ಹೋಗಲಾಗದೆ ಪರದಾಡಿದರು. ಒಂದು ವರ್ಷದ ಬಳಿಕ, 2014ರ ಮಾರ್ಚ್‌ನಲ್ಲಿ ಆಫ್‌ಲೈನ್ ಮೋಡ್ ಕೊಡಬೇಕಾಯಿತು.

ಯಾವ ಬಗೆ ಎಂದು ತಿಳಿಯಲು ಸ್ಟೀಮ್‌ನಲ್ಲಿ ಆಟದ ಪುಟ ತೆರೆದು ಬಲಗಡೆಯ ಕಾಲಂ ನೋಡಿ. ‘ಥರ್ಡ್ ಪಾರ್ಟಿ ಡಿಆರ್‌ಎಂ’, ‘ರಿಕ್ವೈರ್ಸ್ ಥರ್ಡ್ ಪಾರ್ಟಿ ಅಕೌಂಟ್’ ಎಂಬ ಚೌಕಗಳು ಅಲ್ಲಿ ಇರುತ್ತವೆ. ಡೆನುವೊ ಎಂಬ ಹೆಸರು ಕಂಡರೆ ಆಟದೊಳಗೆ ಇನ್ನೊಂದು ಬೀಗ ಇದೆ ಎಂದರ್ಥ. ಅಂಥ ಆಟಗಳು ಆಫ್‌ಲೈನ್‌ನಲ್ಲಿ ಓಡಿದರೂ ಹೊಸ ಅಪ್‌ಡೇಟ್ ಆದಾಗ, ಕಂಪ್ಯೂಟರ್ ಬದಲಾದಾಗ ಮತ್ತೆ ಒಮ್ಮೆ ಆನ್‌ಲೈನ್ ಅನುಮತಿ ಕೇಳಬಹುದು. ಚೌಕದಲ್ಲಿ ಯಾವುದರ ಹೆಸರೂ ಇಲ್ಲದಿದ್ದರೆ ಆಫ್‌ಲೈನ್ ಆಟಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ಇಂಟರ್ನೆಟ್ ನೆಚ್ಚಿಕೊಳ್ಳಲಾಗದ ಮನೆಗೆ ಎರಡು ಲಾಂಚರ್ ಬೇಡುವ ಆಟ ಬೇಡ. ಎರಡರಲ್ಲಿ ಯಾವುದು ಕೈಕೊಟ್ಟರೂ ಆಟ ನಿಲ್ಲುತ್ತದೆ, ತಪ್ಪು ಯಾವುದರದ್ದು ಎಂದು ಹುಡುಕುವುದೇ ಅರ್ಧ ದಿನದ ಕೆಲಸ.

ಅದೇ ಆಟ ಜಿಒಜಿ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆಯೇ ಎಂದೂ ನೋಡಿ. ಅಲ್ಲಿ ಕೊಂಡ ಆಟದ ‘ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್’ ಇಳಿಸಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಮುಂದೆ ಯಾವ ಲಾಂಚರ್ ಕೂಡ ಬೇಕಾಗಿಲ್ಲ. ಹೀರೋಸ್ ಆಫ್ ಮೈಟ್ ಆ್ಯಂಡ್ ಮ್ಯಾಜಿಕ್ 3, ಸಿವಿಲೈಸೇಷನ್ 4, ಸ್ಟೆಲಾರಿಸ್ ಅಲ್ಲಿ ಸಿಗುತ್ತವೆ. ಟೋಟಲ್ ವಾರ್ ಸಿಗುವುದಿಲ್ಲ. ದೊಡ್ಡ ಆಟಗಳ ಇನ್‌ಸ್ಟಾಲರ್ ಹಲವು ತುಂಡುಗಳಲ್ಲಿ ಬರುತ್ತದೆ. ಎಲ್ಲ ತುಂಡುಗಳೂ ಒಂದೇ ಫೋಲ್ಡರ್‌ನಲ್ಲಿ ಇರಬೇಕು, ಒಂದು ತಪ್ಪಿದರೂ ಇನ್‌ಸ್ಟಾಲ್ ನಡುವೆ ನಿಲ್ಲುತ್ತದೆ. ಬೆಲೆ ಡಾಲರ್‌ನಲ್ಲಿ ಕಂಡರೆ ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಆನ್‌ಲೈನ್ ಬಳಕೆಯನ್ನು ಆನ್ ಮಾಡಿ, ಕೊಂಡ ಮೇಲೆ ಮತ್ತೆ ಆಫ್ ಮಾಡಿ.

ದುಡ್ಡೇ ಹಾಕದೆ, ಸ್ಟೀಮೂ ಇಲ್ಲದೆ ಆಡಬೇಕೆಂದರೆ ದಿ ಬ್ಯಾಟಲ್ ಫಾರ್ ವೆಸ್ನೊತ್, ಫ್ರೀಸಿವ್, ಓಪನ್‌ಟಿಟಿಡಿ, 0 ಎ.ಡಿ. ಇವೆ. ಇವು ಮುಕ್ತ ತಂತ್ರಾಂಶಗಳು. ಅವುಗಳ ಸ್ವಂತ ತಾಣದಿಂದ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಯಾರಿಗೆ ಬೇಕಾದರೂ ಕೊಡಬಹುದು. ಏಜ್ ಆಫ್ ಎಂಪೈರ್ಸ್ ಇಷ್ಟಪಟ್ಟವರು 0 ಎ.ಡಿ.ಯನ್ನು ಖಂಡಿತ ಒಮ್ಮೆ ಆಡಿ ನೋಡಬೇಕು.

ಹಳೆಯ ಡಿಸ್ಕ್, ಹಳೆಯ ಕಂಪ್ಯೂಟರ್

ಸೆಕೆಂಡ್‌ಹ್ಯಾಂಡ್ ಡಿವಿಡಿ ಕಡಿಮೆ ಬೆಲೆಗೆ ಸಿಕ್ಕಿತೆಂದು ಕೊಳ್ಳಬೇಡಿ. ಸ್ಟೀಮ್ ಬೇಡುವ ಆಟದ ಪೆಟ್ಟಿಗೆಯಲ್ಲಿ ಬೆಲೆ ಇರುವುದು ಡಿಸ್ಕಿಗಲ್ಲ, ಕೀಗೆ (ಅಕ್ಷರ-ಅಂಕಿಗಳ ಕೋಡ್). ಆ ಕೀ ಒಮ್ಮೆ ಯಾರದೋ ಖಾತೆಗೆ ಸೇರಿದರೆ ಮತ್ತೆ ಕೆಲಸ ಮಾಡುವುದಿಲ್ಲ. ಕೀ ಬಳಕೆಯಾಗಿಲ್ಲ ಎಂದು ಖಚಿತವಿದ್ದರೆ ಡಿವಿಡಿ ಡ್ರೈವ್ ಇಲ್ಲದ ಲ್ಯಾಪ್‌ಟಾಪ್ ಕೂಡ ಸಾಕು. ಸ್ಟೀಮ್‌ನಲ್ಲಿ ‘ಗೇಮ್ಸ್’ ಮೆನುವಿನ ‘ಆ್ಯಕ್ಟಿವೇಟ್ ಎ ಪ್ರಾಡಕ್ಟ್ ಆನ್ ಸ್ಟೀಮ್’ ಒತ್ತಿ ಕೀ ಹಾಕಿದರೆ ಆಟ ನೇರ ಇಳಿಯುತ್ತದೆ.

ಸ್ಟೀಮ್‌ಗಿಂತ ಹಿಂದಿನ ಡಿಸ್ಕ್‌ಗಳದು ಬೇರೆ ಕಥೆ. 2000ರ ಆಸುಪಾಸಿನ ಹಲವು ಆಟಗಳಲ್ಲಿ ಸೇಫ್‌ಡಿಸ್ಕ್ ಎಂಬ ಬೀಗ ಇತ್ತು. ವಿಂಡೋಸ್ 10ರಿಂದ ಆಚೆಗೆ ಮೈಕ್ರೋಸಾಫ್ಟ್ ಅದರ ಡ್ರೈವರನ್ನು ತೆಗೆದುಹಾಕಿದೆ. ಹಾಗಾಗಿ ಡಿಸ್ಕ್ ಹಾಕಿ ಐಕಾನ್ ಒತ್ತಿದರೆ ಏನೂ ಆಗದೆ ಸುಮ್ಮನಿರುತ್ತದೆ. ಡಿಸ್ಕ್ ಉಜ್ಜಿ ಪ್ರಯೋಜನವಿಲ್ಲ, ಆ ಆಟದ ಜಿಒಜಿ ಅಥವಾ ಸ್ಟೀಮ್ ಪ್ರತಿ ಕೊಳ್ಳುವುದೇ ದಾರಿ.

ಮನೆಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7 ಅಥವಾ 8 ಇದ್ದರೆ ಸ್ಟೀಮ್ ಆಟ ಕೊಳ್ಳಲೇಬೇಡಿ. 2024ರ ಜನವರಿ 1ರಿಂದ ಸ್ಟೀಮ್ ಅವುಗಳಿಗೆ ಬೆಂಬಲ ನಿಲ್ಲಿಸಿದೆ. ಆಟಕ್ಕೆ ವಿಂಡೋಸ್ 7 ಸಾಕಾದರೂ ಅಂಗಡಿಗೆ ಸಾಲದು. ಪ್ಲಾಟ್‌ಫಾರ್ಮ್ ಕಡ್ಡಾಯ ಮಾಡುವುದರಲ್ಲಿ ಅತಿ ದೊಡ್ಡ ಅನ್ಯಾಯ ಇದೇ. ಅಂಥ ಯಂತ್ರಕ್ಕೆ ಜಿಒಜಿಯ ಹಳೆಯ ಆಟಗಳ ಇನ್‌ಸ್ಟಾಲರ್ ಸೂಕ್ತ.

ಖಾತೆ, ಹಣ, ಗಲ್ಫಿನಲ್ಲಿರುವ ಅಣ್ಣ

ಖಾತೆ ತೆರೆಯಲು ಕಾಲೇಜು ಅಥವಾ ಆಫೀಸಿನ ಇಮೇಲ್ ಕೊಡಬೇಡಿ. ಕೋರ್ಸ್ ಮುಗಿದು ಆ ಇಮೇಲ್ ಮುಚ್ಚಿದ ದಿನ ಪಾಸ್‌ವರ್ಡ್ ಮರೆತರೆ ಕೊಂಡ ಆಟಗಳೆಲ್ಲ ಕೈತಪ್ಪಬಹುದು. ಸ್ಟೀಮ್ 2015ರಿಂದ ಭಾರತಕ್ಕೆ ರೂಪಾಯಿಯಲ್ಲೇ ಬೆಲೆ ತೋರಿಸುತ್ತಿದೆ. ಯುಪಿಐ, ನೆಟ್ ಬ್ಯಾಂಕಿಂಗ್, ಕಾರ್ಡ್ ಎಲ್ಲ ನಡೆಯುತ್ತವೆ. ಖರೀದಿಗೆ ಅವಸರ ಬೇಡ. ಜೂನ್ ಕೊನೆಯ ಹೊತ್ತಿಗೂ ಡಿಸೆಂಬರ್ ಕೊನೆಗೂ ದೊಡ್ಡ ಸೇಲ್ ಬರುತ್ತದೆ, ಹಳೆಯ ಸ್ಟ್ರಾಟಜಿ ಆಟಗಳ ಬೆಲೆ ಆಗ ಕಾಲುಭಾಗಕ್ಕೆ ಇಳಿಯುವುದುಂಟು.

ಕರಾವಳಿಯ ಮನೆಗಳಲ್ಲಿ ಒಬ್ಬರಾದರೂ ದುಬೈ, ದೋಹಾ, ಕುವೈತ್‌ನಲ್ಲಿ ಇರುತ್ತಾರೆ. ಅಲ್ಲಿಂದ ಅಣ್ಣನೋ ಮಾವನೋ ಆಟ ಗಿಫ್ಟ್ ಕಳಿಸುತ್ತೇನೆ ಎಂದರೆ ಮೊದಲು ಬೆಲೆ ಹೋಲಿಸಿ ನೋಡಲು ಹೇಳಿ. ಎರಡು ದೇಶಗಳ ಬೆಲೆಯಲ್ಲಿ ಹೆಚ್ಚು ಅಂತರ ಇದ್ದರೆ ಸ್ಟೀಮ್ ಗಿಫ್ಟ್ ಕಳಿಸಲು ಬಿಡುವುದಿಲ್ಲ. ಅಲ್ಲಿಯ ಅಂಗಡಿಯಲ್ಲಿ ಕೊಂಡ ಕೀ ಆ ಪ್ರದೇಶಕ್ಕಷ್ಟೇ ಸೀಮಿತವಾಗಿರಲೂಬಹುದು. ಸ್ಟೀಮ್ ವ್ಯಾಲೆಟ್‌ಗೆ ನೀವೇ ಇಲ್ಲಿ ಹಣ ತುಂಬಿಸಿಕೊಂಡು, ಅವರು ನಿಮ್ಮ ಬ್ಯಾಂಕ್ ಖಾತೆಗೆ ಹಾಕುವುದು ಎಲ್ಲಕ್ಕಿಂತ ಸುಲಭ. ಗಲ್ಫಿನಲ್ಲಿ ತೆರೆದ ಖಾತೆಯೊಂದಿಗೆ ಊರಿಗೆ ಮರಳಿದವರು ಅಂಗಡಿಯ ದೇಶ ಬದಲಿಸಬಹುದು, ಇಲ್ಲಿಯ ಪಾವತಿ ವಿಧಾನದಿಂದ ಒಂದು ಖರೀದಿ ಮಾಡಬೇಕು. ಆದರೆ ಮೂರು ತಿಂಗಳಿಗೆ ಒಂದೇ ಸಲ.

ಎಪಿಕ್ ಗೇಮ್ಸ್ ಎಂಬ ಇನ್ನೊಂದು ಅಂಗಡಿ 2020ರ ಮೇ ತಿಂಗಳಲ್ಲಿ ಸಿವಿಲೈಸೇಷನ್ 6ನ್ನು ಉಚಿತವಾಗಿ ಹಂಚಿತ್ತು. ಆಗ ಪಡೆದವರು ಇಂದಿಗೂ ಬಹಳ ಮಂದಿ ಇದ್ದಾರೆ. ಅಂಥವರು ಸ್ಟೀಮ್ ಸೇಲ್‌ನಲ್ಲಿ ಆ ಆಟದ ವಿಸ್ತರಣೆ ಕಂಡು ಕೊಂಡುಬಿಟ್ಟರೆ ದುಡ್ಡು ದಂಡ. ಮೂಲ ಆಟ ಯಾವ ಅಂಗಡಿಯದೋ ಡಿಎಲ್‌ಸಿಯೂ (ಬೇರೆಯಾಗಿ ಕೊಳ್ಳುವ ಇಂಥ ವಿಸ್ತರಣೆ) ಅದೇ ಅಂಗಡಿಯದಾಗಿರಬೇಕು. ಸ್ಟೆಲಾರಿಸ್ ಹೊರತಂದ ಪ್ಯಾರಡಾಕ್ಸ್ ಕಂಪನಿಯ ಆಟಗಳಲ್ಲಿ ಡಿಎಲ್‌ಸಿಗಳ ಒಟ್ಟು ಬೆಲೆ ಮೂಲ ಆಟದ ಹಲವು ಪಟ್ಟು ಇರುತ್ತದೆ. ಗೆಳೆಯರ ಗುಂಪಿನಲ್ಲಿ ಆಡುವವರಾದರೆ ಎಲ್ಲರೂ ಕೊಳ್ಳಬೇಕಿಲ್ಲ, ಹೋಸ್ಟ್ ಮಾಡುವವರ ಬಳಿ ಇರುವ ಡಿಎಲ್‌ಸಿ ಆ ಪಂದ್ಯದಲ್ಲಿ ಎಲ್ಲರಿಗೂ ಸಿಗುತ್ತದೆ.

ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಹಣ ವಾಪಸ್ ಕೇಳಬಹುದು. ಆಟ ತೆರೆದಿಟ್ಟು ಊಟಕ್ಕೆ ಹೋದರೆ ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಸ್ಟ್ರಾಟಜಿ ಆಟದಲ್ಲಿ ಪಾಠ ಕಲಿಯುವಷ್ಟರಲ್ಲೇ ಎರಡು ಗಂಟೆ ದಾಟುವುದರಿಂದ ಮೊದಲ ಅರ್ಧ ಗಂಟೆಯನ್ನು ಕೆಳಗೆ ಹೇಳುವ ಆಫ್‌ಲೈನ್ ಪರೀಕ್ಷೆಗೇ ಬಳಸಿ. ನಿಮ್ಮ ಯಂತ್ರದಲ್ಲಿ ಅದು ಓಡದಿದ್ದರೆ ಆಗಲೇ ಹಿಂತಿರುಗಿಸಿ.

ಇಳಿಸಿಕೊಳ್ಳುವುದು

ಇಂಟರ್ನೆಟ್ ಕಂಪನಿ ಹೇಳುವ ವೇಗ ಮೆಗಾಬಿಟ್‌ನಲ್ಲಿ, ಆಟದ ಗಾತ್ರ ಬೈಟ್‌ನಲ್ಲಿ. ಎಂಟರಿಂದ ಭಾಗಿಸಿ. 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ 5 ಎಂಬಿ ಇಳಿಯುತ್ತದೆ, 30 ಜಿಬಿಯ ಆಟಕ್ಕೆ ಸುಮಾರು 100 ನಿಮಿಷ. ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾದಲ್ಲಿ ಅದೇ ಆಟಕ್ಕೆ 15 ದಿನ ಬೇಕು. ವೇಗ ತೀರಾ ಕುಗ್ಗಿದರೆ ‘ಸೆಟ್ಟಿಂಗ್ಸ್’, ‘ಡೌನ್‌ಲೋಡ್ಸ್’ ಒಳಗೆ ‘ಡೌನ್‌ಲೋಡ್ ರೀಜನ್’ ಮುಂಬೈಯಿಂದ ಚೆನ್ನೈಗೋ ಚೆನ್ನೈಯಿಂದ ಮುಂಬೈಗೋ ಬದಲಿಸಿ ನೋಡಿ.

ಕಾರ್ಕಳ, ಬೆಳ್ತಂಗಡಿಯ ಒಳಭಾಗದಲ್ಲಿ ನೆಟ್ ನಿಧಾನ ಇರುವವರಿಗೆ ಇನ್ನೊಂದು ದಾರಿ ಇದೆ. ಅದೇ ಆಟ ಇರುವ ಗೆಳೆಯನ ಕಂಪ್ಯೂಟರಿನಿಂದ ಫೈಲ್ ತರಬಹುದು. ಇದರಲ್ಲಿ ಕಳ್ಳತನ ಇಲ್ಲ, ಏಕೆಂದರೆ ನಿಮ್ಮ ಖಾತೆಯಲ್ಲಿ ಆಟ ಇಲ್ಲದಿದ್ದರೆ ಆ ಫೈಲ್‌ಗಳನ್ನು ಸ್ಟೀಮ್ ಒಪ್ಪುವುದಿಲ್ಲ. ಕ್ರಮ ಹೀಗೆ:

1. ಅವರ ಕಂಪ್ಯೂಟರಿನ ಸ್ಟೀಮ್ ಫೋಲ್ಡರಿನೊಳಗೆ ‘ಸ್ಟೀಮ್‌ಆ್ಯಪ್ಸ್’, ಅದರೊಳಗೆ ‘ಕಾಮನ್’. ಅಲ್ಲಿ ಆಟದ ಹೆಸರಿನ ಫೋಲ್ಡರ್ ಇರುತ್ತದೆ. ಅದನ್ನು ಇಡಿಯಾಗಿ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್‌ಗೆ ಹಾಕಿ. ಪೆನ್‌ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿ ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಮೊದಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.
2. ನಿಮ್ಮ ಕಂಪ್ಯೂಟರಿನಲ್ಲಿ ಅದೇ ‘ಕಾಮನ್’ ಫೋಲ್ಡರಿಗೆ, ಹೆಸರು ಒಂದಕ್ಷರವೂ ಬದಲಾಗದಂತೆ, ಪೇಸ್ಟ್ ಮಾಡಿ.
3. ಸ್ಟೀಮ್ ತೆರೆದು ಆಟದ ಮೇಲೆ ‘ಇನ್‌ಸ್ಟಾಲ್’ ಒತ್ತಿ. ಸ್ಟೀಮ್ ಇರುವ ಫೈಲ್‌ಗಳನ್ನು ಗುರುತಿಸಿ, ಕಡಿಮೆ ಬಿದ್ದದ್ದನ್ನು ಮಾತ್ರ ಇಳಿಸುತ್ತದೆ.

ಮೂರನೇ ಹೆಜ್ಜೆಯಲ್ಲಿ ಡೌನ್‌ಲೋಡ್ ಸೊನ್ನೆಯಿಂದ ಶುರುವಾದರೆ ಫೋಲ್ಡರ್ ತಪ್ಪು ಜಾಗದಲ್ಲಿದೆ ಎಂದೇ ಅರ್ಥ. ತಕ್ಷಣ ನಿಲ್ಲಿಸಿ, ಜಾಗ ಸರಿಮಾಡಿ. ಎರಡೂ ಕಂಪ್ಯೂಟರ್ ಒಂದೇ ವೈ-ಫೈಯಲ್ಲಿದ್ದರೆ ಇಷ್ಟೂ ಬೇಡ. 2023ರಲ್ಲಿ ಬಂದ ‘ಗೇಮ್ ಫೈಲ್ ಟ್ರಾನ್ಸ್‌ಫರ್ ಓವರ್ ಲೋಕಲ್ ನೆಟ್‌ವರ್ಕ್’ ಸೌಲಭ್ಯವನ್ನು ಎರಡರಲ್ಲೂ ಆನ್ ಮಾಡಿದರೆ ಸ್ಟೀಮ್ ಆ ಕಂಪ್ಯೂಟರಿನಿಂದಲೇ ಎಳೆದುಕೊಳ್ಳುತ್ತದೆ. ಸುರತ್ಕಲ್, ಮಣಿಪಾಲದ ಹಾಸ್ಟೆಲ್, ಪಿಜಿಗಳಲ್ಲಿ ಇರುವವರಿಗೆ ಇದು ದೊಡ್ಡ ಉಪಕಾರ.

ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಲಾಗಿನ್ ಆಗುವವರು ಒಂದು ಎಚ್ಚರ ವಹಿಸಬೇಕು. ಸ್ಟೀಮ್ ತೆರೆದ ಕೂಡಲೇ ಬಾಕಿ ಇರುವ ಅಪ್‌ಡೇಟ್‌ಗಳು ಹಿನ್ನೆಲೆಯಲ್ಲಿ ಶುರುವಾಗಿ ದಿನದ ಡೇಟಾ ನುಂಗುತ್ತವೆ. ‘ಡೌನ್‌ಲೋಡ್ಸ್’ ಸೆಟ್ಟಿಂಗ್‌ನಲ್ಲಿ ಅಪ್‌ಡೇಟ್‌ನ ಹೊತ್ತನ್ನು ಬೆಳಗಿನ ಜಾವಕ್ಕೆ ನಿಗದಿಮಾಡಿ. ಪ್ರತಿ ಆಟದ ‘ಪ್ರಾಪರ್ಟೀಸ್’ನಲ್ಲಿ ‘ಆಟ ತೆರೆದಾಗ ಮಾತ್ರ ಅಪ್‌ಡೇಟ್’ ಎಂಬ ಆಯ್ಕೆ ಹಾಕಿ.

ಆಫ್‌ಲೈನ್ ಮೋಡ್: ಬಿಸಿಲಿದ್ದಾಗಲೇ ಮಾಡಿಡುವ ಕೆಲಸ

ಇಂಟರ್ನೆಟ್ ಹೋದ ಮೇಲೆ ಆಫ್‌ಲೈನ್‌ಗೆ ಹೋಗೋಣ ಎಂದುಕೊಂಡವರೇ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು. ಆಗಲೂ ಕೆಲವೊಮ್ಮೆ ಸ್ಟೀಮ್ ದಾರಿ ಬಿಡುತ್ತದೆ, ಆದರೆ ನೆಚ್ಚಿ ಕೂರುವಂತಿಲ್ಲ. ಮಳೆಗಾಲಕ್ಕೆ ಮೊದಲು, ಅಥವಾ ನೆಟ್‌ವರ್ಕ್ ಇಲ್ಲದ ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯಲ್ಲಿ ರೈಲಿನಲ್ಲಿ ಆಡಬೇಕೆಂದಿದ್ದರೆ ಹೊರಡುವ ಹಿಂದಿನ ದಿನ, ಇಷ್ಟು ಮಾಡಿ.

1. ಲಾಗಿನ್ ಆಗುವಾಗ ‘ರಿಮೆಂಬರ್ ಮಿ’ ಗುರುತು ಹಾಕಿ. ಇದಿಲ್ಲದಿದ್ದರೆ ಆಫ್‌ಲೈನ್‌ನಲ್ಲಿ ಪಾಸ್‌ವರ್ಡ್ ಕೇಳುತ್ತದೆ, ಪರೀಕ್ಷಿಸಲು ಸರ್ವರ್ ಇರುವುದಿಲ್ಲ.
2. ಬೇಕಾದ ಆಟದ ಅಪ್‌ಡೇಟ್ ಪೂರ್ತಿ ಆಗಲಿ. ಗುಂಡಿಯ ಮೇಲೆ ‘ಅಪ್‌ಡೇಟ್’ ಎಂದಿದ್ದರೆ ಆಫ್‌ಲೈನ್‌ನಲ್ಲಿ ಆಟ ತೆರೆಯುವುದಿಲ್ಲ, ‘ಪ್ಲೇ’ ಎಂದೇ ಇರಬೇಕು.
3. ಆನ್‌ಲೈನ್ ಇರುವಾಗಲೇ ಒಮ್ಮೆ ಆಟ ತೆರೆದು ಮುಖ್ಯ ಮೆನುವಿನ ತನಕ ಹೋಗಿ. ಮೊದಲ ಸಲ ತೆರೆದಾಗ ಡೈರೆಕ್ಟ್‌ಎಕ್ಸ್‌ನಂಥ ಸಣ್ಣಪುಟ್ಟ ಭಾಗಗಳು ಕೂರುತ್ತವೆ, ಒಪ್ಪಂದಕ್ಕೆ ಸಹಿ ಕೇಳುತ್ತದೆ, ಎರಡನೇ ಲಾಂಚರ್ ಇದ್ದರೆ ಅದರ ಲಾಗಿನ್ ಆಗುತ್ತದೆ.
4. ಆಟ ಮುಚ್ಚಿ, ಕ್ಲೌಡ್ ಸಿಂಕ್ (ಸೇವ್‌ಗಳ ಪ್ರತಿ ಸ್ಟೀಮ್ ಸರ್ವರ್‌ಗೆ ಹೋಗುವುದು) ಮುಗಿಯುವ ತನಕ ಕಾಯಿರಿ.
5. ಮೇಲೆ ಎಡಗಡೆಯ ‘ಸ್ಟೀಮ್’ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಒತ್ತಿ.
6. ಈಗ ರೂಟರನ್ನೇ ಆಫ್ ಮಾಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಆಟ ತೆರೆದು ಹಳೆಯ ಸೇವ್ ಒಂದನ್ನು ಲೋಡ್ ಮಾಡಿ. ಲೋಡ್ ಆದರೆ ಸಿದ್ಧತೆ ಪೂರ್ತಿ.

ಆರನೆಯದನ್ನು ಬಿಡಬೇಡಿ. ಮೆನು ತೆರೆದು ಸೇವ್ ಲೋಡ್ ಆಗದ ಸಂದರ್ಭಗಳೂ ಇವೆ, ಮುಖ್ಯವಾಗಿ ವರ್ಕ್‌ಶಾಪ್ ಮಾಡ್‌ಗಳನ್ನು (ಆಟಗಾರರೇ ಮಾಡಿ ಸ್ಟೀಮ್‌ನಲ್ಲಿ ಹಂಚುವ ಮಾರ್ಪಾಡುಗಳು) ಬಳಸುವವರಿಗೆ.

ಆಟಕ್ಕೆ ಸ್ಟೀಮ್ ನಿಜವಾಗಿ ಬೇಕೇ ಎಂದು ತಿಳಿಯುವುದೂ ಸುಲಭ. ಸ್ಟೀಮ್ ಪೂರ್ತಿ ಮುಚ್ಚಿ, ‘ಕಾಮನ್’ ಫೋಲ್ಡರಿನೊಳಗಿನ ಆಟದ ಮುಖ್ಯ ಫೈಲನ್ನು ನೇರ ತೆರೆಯಿರಿ. ಸ್ಟೀಮ್ ತಾನಾಗಿ ಎದ್ದು ಬಂದರೆ ಬೇಕು. ಆಟ ಸುಮ್ಮನೆ ಶುರುವಾದರೆ ಆ ಫೋಲ್ಡರಿನ ಒಂದು ನಕಲು ಬೇರೆ ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ. ಅದು ನಿಮಗೆ ಸ್ಟೀಮ್ ಇಲ್ಲದ ಪ್ರತಿ ಆಯಿತು.

ಕೈಕೊಡುವ ಜಾಗಗಳು

ಕರೆಂಟ್ ಹೋಗಿ ಬಂದ ಮೇಲೆ ಸ್ಟೀಮ್ ಸಂಪರ್ಕ ಸಿಗುತ್ತಿಲ್ಲ, ಆದರೆ ಮೊಬೈಲ್‌ನಲ್ಲಿ ಅದೇ ವೈ-ಫೈ ಸರಿ ಇದೆ ಎಂದಾದರೆ ಮೊದಲು ಕಂಪ್ಯೂಟರಿನ ತಾರೀಕು ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ತಾರೀಕು ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ. ತಾರೀಕು ತಪ್ಪಿದ್ದರೆ ಭದ್ರತಾ ಪ್ರಮಾಣಪತ್ರಗಳು ಹೊಂದುವುದಿಲ್ಲ, ಸರ್ವರ್ ಬಾಗಿಲು ತೆರೆಯುವುದಿಲ್ಲ. ಬ್ಯಾಟರಿಯ ನಂಬರ್ ಸಾಮಾನ್ಯವಾಗಿ ಸಿಆರ್2032, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ರೂಟರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಅಡಾಪ್ಟರಿನ ಮೇಲೆ ವೋಲ್ಟ್, ಆ್ಯಂಪಿಯರ್ ಬರೆದಿರುತ್ತದೆ, ಹೆಚ್ಚಾಗಿ 12 ವೋಲ್ಟ್. ವೋಲ್ಟ್ ಅಷ್ಟೇ ಇರಬೇಕು, ಆ್ಯಂಪಿಯರ್ ಅಷ್ಟು ಅಥವಾ ಅದಕ್ಕಿಂತ ಹೆಚ್ಚಿರಬೇಕು. ಸಿಡಿಲು ಬರುವಾಗ ಮಾತ್ರ ಯುಪಿಎಸ್ ನಂಬಬೇಡಿ. ಫೈಬರ್ ಎಳೆ ವಿದ್ಯುತ್ ಒಯ್ಯುವುದಿಲ್ಲ, ಆದರೆ ರೂಟರಿನ ಪ್ಲಗ್ ಮತ್ತು ಕಂಪ್ಯೂಟರಿಗೆ ಹೋಗುವ ತಾಮ್ರದ ಲ್ಯಾನ್ ಕೇಬಲ್ ಒಯ್ಯುತ್ತವೆ. ಎರಡನ್ನೂ ಕಳಚಿ.

ಪ್ಯಾರಡಾಕ್ಸ್ ಆಟಗಳಲ್ಲಿ ಐರನ್‌ಮ್ಯಾನ್ ಎಂಬ ವಿಧಾನ ಇದೆ. ಇಡೀ ಆಟಕ್ಕೆ ಒಂದೇ ಸೇವ್ ಫೈಲ್, ಅದರ ಮೇಲೆಯೇ ಮತ್ತೆ ಮತ್ತೆ ಬರೆಯುತ್ತ ಹೋಗುತ್ತದೆ. ಬರೆಯುವ ಕ್ಷಣದಲ್ಲೇ ಕರೆಂಟ್ ಹೋದರೆ ಫೈಲ್ ಕೆಟ್ಟು ವಾರಗಳ ಆಟ ಹೋಗುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಮಳೆಗಾಲದಲ್ಲಿ ಐರನ್‌ಮ್ಯಾನ್ ಆಡಲೇಬೇಡಿ. ಸಾಮಾನ್ಯ ಆಟದಲ್ಲೂ ಮೂರು ನಾಲ್ಕು ಹೆಸರಿನಲ್ಲಿ ಕೈಯಾರೆ ಸೇವ್ ಮಾಡುತ್ತಿರಿ.

ರೈಲಿನಲ್ಲಿ ಲ್ಯಾಪ್‌ಟಾಪ್‌ನಲ್ಲಿ ಆಡಿ, ಮನೆಗೆ ಬಂದು ಡೆಸ್ಕ್‌ಟಾಪ್‌ನಲ್ಲಿ ಮುಂದುವರಿಸುವವರು ಮೊದಲು ಲ್ಯಾಪ್‌ಟಾಪನ್ನು ಆನ್‌ಲೈನ್ ಮಾಡಿ ಸೇವ್ ಕ್ಲೌಡ್‌ಗೆ ಹೋಗಲು ಬಿಡಬೇಕು. ಅದಕ್ಕೆ ಮೊದಲೇ ಡೆಸ್ಕ್‌ಟಾಪ್‌ನಲ್ಲಿ ಆಡಿದರೆ ‘ಕ್ಲೌಡ್ ಕಾನ್‌ಫ್ಲಿಕ್ಟ್’ ಬರುತ್ತದೆ. ಆಗ ಎರಡೂ ಪ್ರತಿಗಳ ದಿನಾಂಕ, ಗಂಟೆ ಓದಿ ಆರಿಸಿ. ಗಡಿಬಿಡಿಯಲ್ಲಿ ಒತ್ತಿದರೆ ಹೊಸ ಸೇವ್ ಮೇಲೆ ಹಳೆಯದು ಕೂರುತ್ತದೆ.

ದೊಡ್ಡ ಅಪ್‌ಡೇಟ್ ಬಂದು ಅರ್ಧಕ್ಕೆ ಬಂದ ಸೇವ್ ತೆರೆಯದಿದ್ದರೆ ಆಟದ ‘ಪ್ರಾಪರ್ಟೀಸ್’ನಲ್ಲಿ ‘ಬೀಟಾಸ್’ ವಿಭಾಗ ನೋಡಿ. ಸ್ಟೆಲಾರಿಸ್, ಹಾರ್ಟ್ಸ್ ಆಫ್ ಐರನ್ 4ರಂಥ ಆಟಗಳು ಹಳೆಯ ಆವೃತ್ತಿಗಳನ್ನು ಅಲ್ಲಿ ಇಟ್ಟಿರುತ್ತವೆ. ಸೇವ್ ಯಾವ ಆವೃತ್ತಿಯದೋ ಅದನ್ನು ಆರಿಸಿ ಆಟ ಮುಗಿಸಿಕೊಳ್ಳಬಹುದು. ಆಟವೇ ನಡುವೆ ಮುಚ್ಚಿಕೊಳ್ಳುತ್ತಿದ್ದರೆ ‘ಇನ್‌ಸ್ಟಾಲ್ಡ್ ಫೈಲ್ಸ್’ನ ‘ವೆರಿಫೈ’ ಒತ್ತಿ, ಕೆಟ್ಟ ಫೈಲ್ ಮಾತ್ರ ಮತ್ತೆ ಇಳಿಯುತ್ತದೆ.

ಮನೆಯವರೊಂದಿಗೆ

ಒಂದೇ ಪ್ರತಿಯಲ್ಲಿ ಇಬ್ಬರು ಆಡಲು ಸಿವಿಲೈಸೇಷನ್ 5, 6 ಮತ್ತು ಹೀರೋಸ್ 3ರಲ್ಲಿ ಹಾಟ್‌ಸೀಟ್ ಇದೆ. ಒಂದೇ ಕಂಪ್ಯೂಟರ್ ಎದುರು ಸರದಿಯಲ್ಲಿ ಕೂತು ಆಡುವುದು. ಬೇರೆ ಬೇರೆ ಕಂಪ್ಯೂಟರ್ ಇದ್ದರೆ 2024ರಲ್ಲಿ ಬಂದ ಸ್ಟೀಮ್ ಫ್ಯಾಮಿಲೀಸ್ ಬಳಸಿ. ಒಂದೇ ಮನೆಯ ಆರು ಮಂದಿಯ ತನಕ ಆಟಗಳನ್ನು ಹಂಚಿಕೊಳ್ಳಬಹುದು. ತಂಗಿ ಒಂದು ಆಟ ಆಡುವಾಗ ನೀವು ಇನ್ನೊಂದು ಆಡಬಹುದು, ಒಂದೇ ಪ್ರತಿಯನ್ನು ಇಬ್ಬರೂ ಒಟ್ಟಿಗೆ ತೆರೆಯುವಂತಿಲ್ಲ. ಕುಟುಂಬದಿಂದ ಹೊರಬಂದರೆ, ಅದಕ್ಕೆ ಸೇರಿದ ದಿನದಿಂದ ಒಂದು ವರ್ಷ ಆಗುವ ತನಕ ಇನ್ನೊಂದಕ್ಕೆ ಸೇರುವಂತಿಲ್ಲ. ಹಾಗಾಗಿ ಹಾಸ್ಟೆಲ್ ಗೆಳೆಯರನ್ನು ಸೇರಿಸಿ ಜಾಗ ತುಂಬಿಸಬೇಡಿ.

ಗಲ್ಫಿಗೋ ಹಡಗಿನ ಕೆಲಸಕ್ಕೋ ಹೊರಡುವವರು ಊರಿನ ಸಿಮ್ ತೆಗೆದಿಡುವ ಮೊದಲು ಸ್ಟೀಮ್ ಗಾರ್ಡ್‌ನ (ಲಾಗಿನ್‌ಗೆ ಪಾಸ್‌ವರ್ಡ್ ಜೊತೆಗಿನ ಎರಡನೇ ಭದ್ರತೆ) ರಿಕವರಿ ಕೋಡನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ಆರ್ ಅಕ್ಷರದಿಂದ ಶುರುವಾಗುವ ಆ ಕೋಡ್ ಮೊಬೈಲ್ ಆ್ಯಪ್‌ನ ಒಳಗಿರುತ್ತದೆ. ಫೋನೂ ಹೋಗಿ ಸಿಮ್ಮೂ ಇಲ್ಲದಾದಾಗ ಖಾತೆ ಬಿಡಿಸಿಕೊಳ್ಳಲು ಅದೇ ಬೇಕು. ಹಳೆಯ ಲ್ಯಾಪ್‌ಟಾಪ್ ಮಾರುವವರು ಸ್ಟೀಮ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದು, ಖಾತೆಯ ಸ್ಟೀಮ್ ಗಾರ್ಡ್ ಪುಟದಿಂದ ಆ ಯಂತ್ರದ ಅನುಮತಿಯನ್ನೂ ತೆಗೆಯಿರಿ. ಪ್ಯಾರಡಾಕ್ಸ್ ಆಟಗಳ ಸೇವ್‌ಗಳು ಡಾಕ್ಯುಮೆಂಟ್ಸ್ ಫೋಲ್ಡರಿನೊಳಗೆ ಕಂಪನಿಯ ಹೆಸರಿನಲ್ಲಿರುತ್ತವೆ. ಫಾರ್ಮ್ಯಾಟ್ ಮಾಡುವ ಮೊದಲು ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.